ಫೋನಿನ ಪೀಠ

ಅಪ್ಪ ತೀರಿಕೊಂಡ ಎರಡನೇ ತಿಂಗಳಲ್ಲಿ, ಒಂದು ಮಟಮಟ ಮಧ್ಯಾಹ್ನ, ಪುಟ್ಟಿಗೆ ಅಪ್ಪನಿಂದ ಫೋನ್ ಬಂತು.

ಅವಳು ಆಗ ಸರ್ವಿಸ್ ಸೆಂಟರಿನ ತನ್ನ ಮೇಜಿನಲ್ಲಿ ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಚಿಮಟದ ತುದಿಯಲ್ಲಿ ಸಾಸಿವೆಕಾಳಿನಷ್ಟೇ ತಿರುಪು. ಅದನ್ನು ಇನ್ನೇನು ಕೂರಿಸಬೇಕು, ಅಷ್ಟರಲ್ಲಿ ಮೇಜಿನ ಅಂಚಿನಲ್ಲಿಟ್ಟಿದ್ದ ಅವಳ ಸ್ವಂತ ಫೋನು ಗುರ್ ಎಂದು ನಡುಗಿತು. ತೆರೆಯ ಮೇಲೆ ‘ಅಪ್ಪ’ ಎಂದಿತ್ತು. ಹೆಸರಿನ ಮೇಲೆ ಅಪ್ಪನ ಚಿತ್ರ. ಪಂಪ್‌ಹೌಸಿನ ಬಾಗಿಲಲ್ಲಿ ನಿಂತು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡದ್ದು.

ತಿರುಪು ಕೈಜಾರಿ ನೆಲಕ್ಕೆ ಬಿತ್ತು. ಅದರ ಸದ್ದು ಕೂಡ ಕೇಳಿಸುವಷ್ಟು ಅವಳ ಕಿವಿ ನೆಟ್ಟಗಾಗಿತ್ತು.

“ಯಾರೇ ಅದು, ಸಾಲ ಬೇಕಾ ಅಂತ ಕೇಳೋರಾ?” ಎಂದು ಪಕ್ಕದ ಮೇಜಿನಿಂದ ಬೆಸುಗೆ ಅಕ್ಕ ಕತ್ತು ಚಾಚಿದಳು. ಸೆಂಟರಿನಲ್ಲಿ ಬೋರ್ಡಿಗೆ ಬೆಸುಗೆ ಹಾಕುವ ಕೆಲಸವೆಲ್ಲ ಅವಳದು, ಹೆಸರೂ ಅದೇ ಆಗಿಹೋಗಿತ್ತು. ತೆರೆ ನೋಡಿದವಳೇ ಬಾಯಿ ಮುಚ್ಚಿಕೊಂಡಳು.

ಪುಟ್ಟಿ ಫೋನು ಎತ್ತಿ ಕಿವಿಗಿಟ್ಟಳು. ಮಾತಿಲ್ಲ. ಫ್ಯಾನು ತಿರುಗುವ ಸದ್ದು. ಅದರ ಹಿಂದೆ, ಎಲ್ಲೋ ಒಂದು ಕಡೆ, ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುತ್ತಿತ್ತು. ನಲವತ್ತು ವರ್ಷ ಊರಿಗೆಲ್ಲ ನೀರು ಹತ್ತಿಸಿದ ಪಂಪ್ ಆಪರೇಟರ್ ಅವಳಪ್ಪ. ಸತ್ತ ಮೇಲೆ ಅವನು ಫೋನ್ ಮಾಡಿದರೆ ಹಿಂದುಗಡೆ ನೀರಿನ ಸದ್ದೇ ಕೇಳಬೇಕು ಎಂದು ಅವಳ ತಲೆಗೆ ಹೊಳೆಯಿತು. ಹೊಳೆದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ಹಲೋ,” ಎಂದಳು. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ದೂರದಿಂದ ಅಣ್ಣನ ದನಿ ಬಂತು. “ಬಕೆಟ್ ತುಂಬಿ ಹರೀತಿದೆ, ಯಾರಿಗೂ ಕಣ್ಣಿಲ್ವಾ ಈ ಮನೇಲಿ?”

ಅವಳು ಅದನ್ನು ಕತ್ತರಿಸಿ ಅಣ್ಣನ ನಂಬರಿಗೆ ಮಾಡಿದಳು.

“ಅಪ್ಪನ ಫೋನ್ ಯಾಕೆ ತೆಗೆದೆ?”

“ಚಾರ್ಜಿಗೆ ಇಟ್ಟಿದೀನಿ. ಸುಮ್ನೆ ನಮ್ಮನೆ ಬೀರುವಲ್ಲಿ ಬಿದ್ದಿತ್ತು. ಮಗಳಿಗೆ ಕೊಡೋಣ ಅಂತ.”

“ಅದು ನನಗೆ ಫೋನ್ ಮಾಡ್ತು.”

“ನಾನು ಮಾಡಿಲ್ವಲ್ಲ.”

“ನೀನು ಮಾಡಿದೆ ಅಂತ ಅಂದ್ನಾ? ಅದು ಮಾಡ್ತು ಅಂದೆ.”

ಅಣ್ಣ ಕಾರು ಓಡಿಸಲು ಕಲಿಸುವವನು. ದಿನವಿಡೀ ಹೆದರಿದವರ ಪಕ್ಕದಲ್ಲಿ ಕೂತು ಧೈರ್ಯ ಹೇಳುವುದೇ ಅವನ ಕೆಲಸ. “ನೋಡು, ಗಾಬರಿ ಬೀಳಬೇಡ,” ಎಂದ ಅದೇ ದನಿಯಲ್ಲಿ. “ಅದು ಆ ಪೀಠದ ಮೇಲಿದೆ. ನೀನೇ ತಾನೆ ಏನೋ ಮಾಡಿಟ್ಟಿದ್ದೆ, ಎತ್ತಿದ್ರೆ ಫೋನ್ ಹೋಗೋ ಹಾಗೆ?”

“ಎತ್ತಿದ್ರೆ ಹೋಗಬೇಕು. ಯಾರು ಎತ್ತಿದ್ರು?”

ಅಣ್ಣ ಎದ್ದು ಹೋಗಿ ನೋಡಿ ಬಂದ. “ಯಾರೂ ಎತ್ತಿಲ್ಲ ಕಣೆ. ಕೂತಲ್ಲೇ ಕೂತಿದೆ,” ಎಂದ. ಈ ಸಲ ಅವನ ದನಿಯಲ್ಲಿ ಪಾಠದ ಧೈರ್ಯ ಇರಲಿಲ್ಲ.

ಅವಳೇ ಮಾಡಿಟ್ಟದ್ದು ನಿಜ. ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಬಾಯೊಳಗೇ ಕಲಸಿಹೋಗುತ್ತಿತ್ತು. ಅಮ್ಮ ಅದೇ ಕೋಣೆಯಲ್ಲಿ, ಎದುರು ಗೋಡೆಯ ಮಂಚದಲ್ಲಿ ಮಲಗುತ್ತಿದ್ದಳು. ಆದರೆ ಅಮ್ಮನ ಕಿವಿ ಮಂದ. ಮಲಗುವಾಗ ಕಿವಿಯ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟರೆ ಮನೆ ಕುಸಿದರೂ ಅವಳಿಗೆ ಗೊತ್ತಾಗದು. ಅಣ್ಣ ಊರಿನ ಇನ್ನೊಂದು ತುದಿಯಲ್ಲಿ, ಪುಟ್ಟಿ ಸರ್ವಿಸ್ ಸೆಂಟರಿನ ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿ. ಸ್ಕೂಟರಿನಲ್ಲಿ ಹೊರಟರೆ ಹಾಡೊಂದು ಮುಗಿಯುವುದರೊಳಗೆ ಅಪ್ಪನ ಮನೆ. ಹಾಗಾಗಿ ಆ ಭಾರ ಅವಳೇ ಹೊತ್ತುಕೊಂಡಳು. ಒಂದು ಚಾರ್ಜಿಂಗ್ ಸ್ಟ್ಯಾಂಡು ತಂದು ಅಪ್ಪನ ಎಡಗೈಗೆ ಸಿಗುವಂತೆ ಮಂಚದ ಪಕ್ಕ ಇಟ್ಟಳು. ಅದರ ನಡುವೆ ಬೆರಳ ತುದಿಯಷ್ಟು ಎತ್ತರದ ಒಂದು ಪಿನ್ನು, ಫೋನು ಅದರ ಮೇಲೆ ನೆಟ್ಟಗೆ ಕೂರುತ್ತದೆ. ಅದನ್ನು ಎತ್ತಿದ ಕೂಡಲೇ ಪುಟ್ಟಿಗೆ ಕರೆ ಹೋಗುವಂತೆ ಒಂದು ಸಣ್ಣ ಆ್ಯಪ್ ಹಾಕಿದಳು. ಬಟನ್ ಒತ್ತಬೇಕಿಲ್ಲ, ಮಾತಾಡಬೇಕಿಲ್ಲ. ಎತ್ತಿದರೆ ಸಾಕು.

ಸರ್ವಿಸ್ ಸೆಂಟರಿನಲ್ಲಿ ಅದಕ್ಕೆ ಡಾಕ್ ಎನ್ನುತ್ತಾರೆ. ಅಪ್ಪ ಅದಕ್ಕೆ ಪೀಠ ಎಂದು ಹೆಸರಿಟ್ಟ. “ನನಗಿಲ್ಲದ ಪೀಠ ಫೋನಿಗೆ,” ಎಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿದಿತ್ತು. ಹೇಳಿ ಮುಗಿಸಿ, ಮುಖದ ಒಂದೇ ಪಕ್ಕದಲ್ಲಿ ನಕ್ಕಿದ್ದ.

“ಒಂದುವೇಳೆ ಎತ್ತಿದಾಗ ರಿಂಗ್ ಆಗದಿದ್ರೆ?” ಎಂದು ಕೇಳಿದ್ದ.

“ವಾಪಸ್ ಕೂರಿಸಿ ಮತ್ತೆ ಎತ್ತು,” ಎಂದಿದ್ದಳು ಅವಳು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅವಳು ಹೇಳುವ ಮಾತು ಅದು. ತೆಗೆದು ಹಾಕಿ, ಆಫ್ ಮಾಡಿ ಆನ್ ಮಾಡಿ. ಅಪ್ಪನಿಗೆ ತಟ್ಟನೆ ಅರ್ಥವಾಯಿತು. ಮೋಟರು ಹಿಡಿಯದಿದ್ದರೆ ಸ್ವಿಚ್ಚು ಕೆಳಗಿಳಿಸಿ, ಸ್ವಲ್ಪ ಕಾದು, ಮತ್ತೆ ಮೇಲಕ್ಕೆ. ಜೀವಮಾನವೆಲ್ಲ ಮಾಡಿದ್ದೇ ಅದು. “ಹಿಡಿಯೋ ತನಕ ಬಿಡಬಾರದು,” ಎಂದ ಅವನು, ತೊದಲದೆ.

ಅಪ್ಪ ಹೋದ ದಿನ ಫೋನು ಬಂದಿರಲಿಲ್ಲ. ಬೆಳಿಗ್ಗೆ ಅಮ್ಮ ಎದ್ದು ನೋಡಿದಾಗ ಮೈ ತಣ್ಣಗಾಗಿತ್ತಂತೆ, ಫೋನು ಪೀಠದ ಮೇಲೇ ಇತ್ತಂತೆ. ಇಡೀ ಮನೆ ಈ ಎರಡು ಸಂಗತಿಗಳ ಮೇಲೆ ಬೆನ್ನು ಆನಿಸಿಕೊಂಡು ಎರಡು ತಿಂಗಳು ಕಳೆದಿತ್ತು. ನೋವಾಗಿದ್ದರೆ ಎತ್ತುತ್ತಿದ್ದ, ಎತ್ತಿದ್ದರೆ ರಿಂಗಾಗುತ್ತಿತ್ತು. ರಿಂಗಾಗಿಲ್ಲ, ಅಂದಮೇಲೆ ಎಚ್ಚರವೇ ಆಗಿಲ್ಲ. “ನಿದ್ದೆಯಲ್ಲೇ ಹೋದ್ರು, ಪುಣ್ಯವಂತರು,” ಎಂದು ಬಂದವರಿಗೆಲ್ಲ ಮೊದಲು ಹೇಳಿದವಳು ಅಮ್ಮ. ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಹೇಳುತ್ತ ಹೇಳುತ್ತ ಅದು ಗಟ್ಟಿಯಾಯಿತು.

ಆ ವಾರ ಫೋನು ಮತ್ತೆ ಮತ್ತೆ ಬಂತು. ಬಸ್ಸಿನಲ್ಲಿ ಒಮ್ಮೆ, ಗಿರಾಕಿಯ ಎದುರಿಗೇ ಒಮ್ಮೆ, ಸ್ನಾನದ ಮನೆಯಲ್ಲಿದ್ದಾಗ ಒಮ್ಮೆ. ಪ್ರತಿಸಲ ಅಪ್ಪ, ಕಿರಿದು ಮಾಡಿದ ಕಣ್ಣು, ಆ ಕಡೆ ಖಾಲಿ ಕೋಣೆ. ಕಾರಣ ಅವಳಿಗೆ ಗೊತ್ತಿತ್ತು: ಪೀಠಕ್ಕೂ ಫೋನಿಗೂ ನಡುವಿನ ಸಂಪರ್ಕ ಎಲ್ಲೋ ಬಿಟ್ಟು ಹಿಡಿಯುತ್ತಿದೆ, ಬಿಟ್ಟಾಗಲೆಲ್ಲ ತನ್ನನ್ನು ಯಾರೋ ಎತ್ತಿದರೆಂದು ಫೋನು ತಿಳಿಯುತ್ತಿದೆ. ಕಾರಣ ಗೊತ್ತಿದ್ದರೂ ಒಂದು ಸಲ ಅವಳು ಕರೆ ಕತ್ತರಿಸಲಿಲ್ಲ. ಹತ್ತಿರದಲ್ಲೆಲ್ಲೋ ಗಡಿಯಾರ ಟಿಕ್ಕೆನ್ನುತ್ತಿತ್ತು. ಅದನ್ನು ಕೇಳುತ್ತ, “ಅಪ್ಪಾ, ಏನಾದ್ರೂ ಬೇಕಾ?” ಎಂದುಬಿಟ್ಟಳು. ಅನಂತರ ಎರಡು ದಿನ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ಅಮ್ಮನಿಗೆ ವಿಷಯ ತಿಳಿಸಿದವನು ಅಣ್ಣ. ಅಮ್ಮ ಹೆದರಲಿಲ್ಲ. “ಹಾಗಾದ್ರೆ ಫೋನು ಚೆನ್ನಾಗೇ ಇದೆ ಅನ್ನು. ರಿಂಗ್ ಆಗುತ್ತೆ,” ಎಂದಳಂತೆ. ಪುಟ್ಟಿಗೆ ಇದು ಸಮಾಧಾನವಾಗಿಯೇ ಕೇಳಿತು. ಚೆನ್ನಾಗಿರುವ ಫೋನು ಅಂದು ಸುಮ್ಮನಿತ್ತು ಎಂದರೆ, ಅಪ್ಪ ಎತ್ತಿರಲಿಲ್ಲ.

ಶನಿವಾರ ಅಣ್ಣ ಫೋನನ್ನೂ ಪೀಠವನ್ನೂ ಒಂದು ಬಟ್ಟೆಚೀಲದಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟ. ಗಿರಾಕಿಗಳ ಸಾಲಿನಲ್ಲೇ ನಿಂತು ಬಂದಿದ್ದ.

“ಹೇಳಿ ಸಾರ್, ಏನು ತೊಂದರೆ?” ಎಂದಳು ಬೆಸುಗೆ ಅಕ್ಕ, ಕಣ್ಣಲ್ಲೇ ನಗುತ್ತ.

“ಮೂರು ತೊಂದರೆ ಮೇಡಂ. ಒಂದು, ಬಸವನ ಹುಳ ಆಗಿದೆ. ಒಂದು ಕಡೆ ಒತ್ತಿದ್ರೆ ನಾನು ಮುಖ ತೊಳೆದು ಬರೋ ಹೊತ್ತಿಗೆ ತೆರೆಯುತ್ತೆ. ಎರಡು, ಪೀಠದ ಮೇಲೆ ಕೂರಿಸಿದ್ರೆ ಚಾರ್ಜ್ ಹತ್ತುತ್ತೆ, ಇಳಿಯುತ್ತೆ. ಮೂರು, ನನ್ನ ತಂಗಿಗೆ ಹಗಲೂ ರಾತ್ರಿ ಫೋನ್ ಮಾಡಿ ಜೀವ ತಿನ್ನುತ್ತೆ.”

“ಮೂರನೇದು ರಿಪೇರಿ ಅಲ್ಲ ಸಾರ್, ಒಡಹುಟ್ಟಿದವರ ಗುಣ.”

ಪುಟ್ಟಿ ನಗಲಿಲ್ಲ. “ಯಾವಾಗಿನಿಂದ ನಿಧಾನ?” ಎಂದು ಕೇಳಿದಳು. ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ ಅದು.

“ಅಪ್‌ಡೇಟ್ ಆದಾಗಿನಿಂದ.”

“ಯಾವಾಗ ಮಾಡಿದೆ ಅಪ್‌ಡೇಟ್?”

“ನಾನೆಲ್ಲಿ ಮಾಡಿದೆ? ಅಪ್ಪ ಹೋದ ದಿನಾನೇ ಆಗಿತ್ತಲ್ಲ. ನೆನಪಿಲ್ವಾ, ನೆಂಟರ ನಂಬರ್ ಹುಡುಕೋಕೆ ಅಂತ ಅಪ್ಪನ ಫೋನ್ ತೆಗೆದಾಗ ಏನೋ ಹೊಸದಾಗಿ ಆಗಿದೆ, ಲಾಕ್ ನಂಬರ್ ಹಾಕಿ ಅಂತ ತೋರಿಸ್ತಿತ್ತು. ನಿನ್ನ ಕೇಳಿದೆ, ನೀನೇ ಹೇಳಿದೆ.”

ನೆನಪಿತ್ತು. ಅಂಗಳದಲ್ಲಿ ಯಾರಿಗೋ ಕುರ್ಚಿ ಎಳೆದುಕೊಡುತ್ತ, ತಿರುಗಿಯೂ ನೋಡದೆ, ನಾಲ್ಕು ಅಂಕಿ ಹೇಳಿದ್ದಳು. ಆ ಅಂಕಿಗಳು ಬಾಯಿಂದ ಹೊರಟದ್ದು ಈಗ ಮತ್ತೆ ಕೇಳಿಸಿತು. ಅದರ ಅರ್ಥವೇನೆಂದು ತನಗೆ ತಾನೇ ಹೇಳಿಕೊಳ್ಳಲು ಅವಳು ಒಪ್ಪಲಿಲ್ಲ.

“ಮಧ್ಯಾಹ್ನದ ಮೇಲೆ ಬಾ,” ಎಂದು ಅಣ್ಣನನ್ನು ಕಳಿಸಿದಳು.

ಮೊದಲು ಸುಲಭದ ಕೆಲಸಗಳು. ಫೋನಿನಲ್ಲಿ ಜಾಗ ಉಳಿದಿರಲಿಲ್ಲ. ಅಪ್ಪನ ಹಳೆಯ ಸಹೋದ್ಯೋಗಿಗಳು ದಿನಾ ಬೆಳಿಗ್ಗೆ ಕಳಿಸಿದ ಹೂವಿನ ಚಿತ್ರ, ಸುಪ್ರಭಾತ, ಆರೋಗ್ಯದ ಸಲಹೆ. ಬಾಳೆದಿಂಡಿನ ರಸ ಕುಡಿದರೆ ಲಕ್ವ ವಾಸಿ ಎಂಬ ಒಂದೇ ವಿಡಿಯೋ ಹನ್ನೊಂದು ಜನರಿಂದ. ಅಳಿಸಿದಳು. ಹಳೆಯ ಕಸವನ್ನು ಗುಡಿಸಿದಳು. ಫೋನು ಸ್ವಲ್ಪ ಚುರುಕಾಯಿತು. ಪೀಠದ ಮೇಲೆ ಕೂರಿಸಿದಳು. ಮತ್ತೆ ಬಸವನ ಹುಳ. ತೆಗೆದರೆ ಚುರುಕು, ಕೂರಿಸಿದರೆ ಮಂಕು. ಹಾಗಿದ್ದರೆ ರೋಗ ಪೀಠದ್ದು: ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ಸಂಪರ್ಕಕ್ಕೆ ಉತ್ತರ ಕೊಡುತ್ತಲೇ ಫೋನು ಸುಸ್ತಾಗುತ್ತಿತ್ತು.

ಪೀಠವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಪಿನ್ನು ಬಗ್ಗಿತ್ತು. ನೆಟ್ಟಗಿರಬೇಕಾದದ್ದು ಹೊರಗಡೆಗೆ ವಾಲಿತ್ತು. ಸುತ್ತಲಿನ ರಬ್ಬರಿನ ಅಂಚು ಕಿತ್ತು ಮೇಲೆದ್ದಿತ್ತು. ಫೋನಿನ ತಳದ ತೂತಿನ ಬಾಯಿಯ ಸುತ್ತ ಗೀರುಗಳು, ಒಂದರ ಮೇಲೊಂದು. ಕತ್ತಲಲ್ಲಿ ಬೀಗದ ತೂತು ಹುಡುಕುವವರು ಬಾಗಿಲ ಮೇಲೆ ಬಿಡುವಂಥ ಗೀರುಗಳು.

ಈ ಪೀಠ ತಂದದ್ದು ಅಪ್ಪ ಹೋಗುವ ಒಂದೇ ವಾರ ಮೊದಲು. ಹಳೆಯದು ಸಡಿಲವಾಯಿತೆಂದು ಅವಳೇ ಹೊಸದು ತಂದಿಟ್ಟಿದ್ದಳು.

ಅಣ್ಣನಿಗೆ ಫೋನ್ ಮಾಡಿದಳು. “ನಿನ್ನ ಮಗಳು ಇದರಲ್ಲಿ ಆಡಿದ್ಲಾ?”

“ಅವಳ ಕೈಗೇ ಕೊಟ್ಟಿಲ್ಲ. ಅವತ್ತು ಸಂಜೆ ಬೀರುವಲ್ಲಿಟ್ಟು ಬೀಗ ಹಾಕಿದೋನು, ಮೊನ್ನೆ ತೆಗೆದೆ.”

“ನೀನು ಜೋರಾಗಿ ತುರುಕಿದ್ಯಾ?”

“ಗೇರ್ ಹಾಕೋ ಕೈ ಕಣೆ ನಂದು. ತುರುಕೋ ಅಭ್ಯಾಸ ಇಲ್ಲ. ಅದು ಮೊದಲೇ ವಾಲಿತ್ತು. ನಾನು ಅಂದ್ಕೊಂಡೆ, ಹಾಗೇ ಇರುತ್ತೇನೋ ಅಂತ.”

ಸೆಂಟರಿನಲ್ಲಿ ಒಂದು ಪದ್ಧತಿಯಿತ್ತು. ದೂರು ನಿನ್ನ ಕೈಯಲ್ಲೇ ಒಮ್ಮೆ ನಡೆಯಬೇಕು. ಗಿರಾಕಿ ಹೇಳಿದ್ದನ್ನು ನಂಬಿ, ಊಹೆಯ ಮೇಲೆ ರಿಪೇರಿ ಮಾಡಿ ಕಳಿಸುವ ಹಾಗಿಲ್ಲ. ತೊಂದರೆ ಹೇಗೆ ಬಂತೋ ಹಾಗೆಯೇ ಅದನ್ನು ಮತ್ತೆ ಬರಿಸಿ, ಕಣ್ಣಾರೆ ಕಂಡು, ಆಮೇಲೆ ಬಿಚ್ಚಬೇಕು. ಪಕ್ಕದವರು ‘ಕಂಡ್ತಾ?’ ಎಂದು ಕೇಳುತ್ತಾರೆ, ನೀನು ‘ಕಂಡ್ತು’ ಎನ್ನಬೇಕು. ಪುಟ್ಟಿ ಇದನ್ನು ಎಂದೂ ಮುರಿದವಳಲ್ಲ. ಇವತ್ತು ಮುರಿದಿದ್ದರೆ ಹೊಸ ಪಿನ್ನು ಹಾಕಿ, ಚೀಲಕ್ಕೆ ತುಂಬಿ, ಅಣ್ಣನ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಊಟಕ್ಕೆ ಹೋಗಬಹುದಿತ್ತು.

ಅವಳು ಎದ್ದು, ಕಪಾಟಿನಿಂದ ಅದೇ ಜಾತಿಯ ಹೊಸ ಪೀಠವೊಂದನ್ನು ತಂದಳು. ಮೇಜಿನ ಎಡಕ್ಕಿಟ್ಟಳು. ಫೋನು ಕೂರಿಸಿ, ಎತ್ತಿದಳು. ಅವಳ ಫೋನು ಕೂಡಲೇ ನಡುಗಿತು: ಅಪ್ಪ. ಸರಿ. ಆ್ಯಪ್ ಚೆನ್ನಾಗಿದೆ.

ಆಮೇಲೆ ಅಪ್ಪನ ಫೋನನ್ನು ಆಫ್ ಮಾಡಿ ಆನ್ ಮಾಡಿದಳು. ಅಪ್‌ಡೇಟ್ ಆದ ಫೋನು ತಾನೇ ಹಾಗೆ ಮಾಡಿಕೊಳ್ಳುತ್ತದೆ. ತೆರೆ ಬೆಳಗಿತು. ಲಾಕ್ ನಂಬರ್ ಕೇಳಿತು. ಅವಳು ಹಾಕಲಿಲ್ಲ. ಹಾಗೆಯೇ ಪೀಠದ ಮೇಲೆ ಕೂರಿಸಿದಳು.

ಅಪ್ಪನಿಗೆ ಆ ನಂಬರ್ ಗೊತ್ತಿರಲಿಲ್ಲ. ಅಂಗಿಯ ತೋಳು ತಗುಲಿ ಯಾರ್ಯಾರಿಗೋ ಫೋನು ಹೋಗುತ್ತದೆಂದು ಅವಳೇ ಲಾಕ್ ಹಾಕಿದ್ದಳು. ಲಾಕ್ ಇದ್ದರೂ ಎತ್ತಿದ ಕೂಡಲೇ ಕರೆ ಹೋಗುತ್ತಿತ್ತು, ಅದನ್ನು ಪರೀಕ್ಷೆ ಮಾಡಿಯೇ ಇಟ್ಟಿದ್ದಳು. ಆದರೆ ಹೊಸದಾಗಿ ಆನ್ ಆದ ಫೋನು ಬೇರೆ. ಯಾರಾದರೂ ಒಮ್ಮೆ ನಂಬರ್ ಹಾಕಿ ತೆರೆಯುವ ತನಕ ಒಳಗಿನ ಆ್ಯಪ್‌ಗಳು ಏಳುವುದಿಲ್ಲ. ಇದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ‘ಅಲಾರಂ ಹೊಡೀಲಿಲ್ಲ’ ಎಂದು ಬರುವ ಗಿರಾಕಿಗಳಿಗೆ ವಾರಕ್ಕೊಮ್ಮೆ ಹೇಳುತ್ತಿದ್ದಳು.

ಅಪ್ಪನ ಕೊನೆಯ ಸಂಜೆ ಅವನ ಮನೆಗೆ ಹೋದಾಗ ಫೋನು ಅಪ್‌ಡೇಟ್ ಕೇಳುತ್ತಿತ್ತು. ನಿಧಾನವಾಗಿದೆ ಎಂದು ಅಪ್ಪ ಸನ್ನೆಯಲ್ಲಿ ದೂರಿದ್ದ. ‘ಇವತ್ತು ರಾತ್ರಿ’ ಎಂಬಲ್ಲಿ ಒತ್ತಿದಳು. ಒತ್ತಿ, ನೀರಿನ ಲೋಟ ತುಂಬಿಸಿಟ್ಟು, ಬರ್ತೀನಪ್ಪ ಎಂದು ಹೊರಟಳು. ದಿನಕ್ಕೆ ಇಪ್ಪತ್ತು ಫೋನಿಗೆ ಮಾಡುವ ಕೆಲಸ. ಯೋಚನೆ ಬೇಕಿರಲಿಲ್ಲ.

ಈಗ ಅವಳು ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ತಲೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿ, ದಿಂಬಿನ ಮೇಲಿಂದ ಕಾಣುವಷ್ಟೇ ಕಾಣುವಂತೆ ಮಾಡಿ, ಎಡಗೈ ಚಾಚಿ ಫೋನು ಎತ್ತಿದಳು.

ಅವಳ ಫೋನು ಸುಮ್ಮನಿತ್ತು.

ವಾಪಸ್ ಕೂರಿಸಿ ಮತ್ತೆ ಎತ್ತು.

ಕೂರಿಸುವುದು ಸುಲಭವಿರಲಿಲ್ಲ. ಮಲಗಿದವರ ಕೈಗೆ ತೂತು ಕಾಣುವುದಿಲ್ಲ, ತಡಕಾಡಬೇಕು. ಫೋನಿನ ತಳ ಪಿನ್ನಿಗೆ ಗೀರಿ, ಜಾರಿ, ಆಮೇಲೆ ಹೊರಗಡೆಗೆ ವಾಲಿಕೊಂಡು ಒಳಗಿಳಿಯಿತು. ಎತ್ತಿದಳು. ಸುಮ್ಮನೆ. ಕೂರಿಸಿದಳು. ಎತ್ತಿದಳು. ತೆರೆ ಮಾತ್ರ ಪ್ರತಿಸಲ ಮುಖಕ್ಕೆ ಬೆಳಗಿ, ನಂಬರ್ ಕೇಳಿ, ಆರುತ್ತಿತ್ತು. ಎಡಗೈ ನೋಯತೊಡಗಿತು. ನೋಯುವ ಕೈ ಹೆಚ್ಚು ಜೋರು ಮಾಡುತ್ತದೆ. ರಬ್ಬರಿನ ಅಂಚು ಒಂದು ಮೂಲೆಯಲ್ಲಿ ಕಿತ್ತು ಬಂತು.

“ಹೊಸ ಪೀಸ್ ಅದು,” ಎಂದಳು ಬೆಸುಗೆ ಅಕ್ಕ. “ಹಾಳು ಮಾಡ್ತಿದೀಯ.”

ಪುಟ್ಟಿ ನಿಲ್ಲಿಸಲಿಲ್ಲ. ಹಿಡಿಯುವ ತನಕ ಬಿಡಬಾರದು. ಕೊನೆಗೊಮ್ಮೆ ಫೋನು ಒಳಗೆ ಪೂರ್ತಿ ಇಳಿಯದೇ ನಿಂತಿತು. ಅವಳು ಎರಡು ಪೀಠಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಎರಡರ ಪಿನ್ನೂ ಒಂದೇ ಕಡೆಗೆ, ಹೊರಗಡೆಗೆ, ವಾಲಿದ್ದವು. ಅಪ್ಪನದು ಇನ್ನೂ ಹೆಚ್ಚು ವಾಲಿತ್ತು. ಅವಳು ಮಾಡಿದ್ದಕ್ಕಿಂತ ಬಹಳ ಹೊತ್ತು ಮಾಡಿದ ಕೈ ಅದು.

ಬೆಸುಗೆ ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. ಎರಡನ್ನೂ ನೋಡಿದಳು. ಪುಟ್ಟಿಯ ತೊಡೆಯಡಿಯ ಬಲಗೈಯನ್ನೂ ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಕಂಡ್ತಾ?” ಎಂದಳು, ಬಹಳ ಮೆಲ್ಲಗೆ.

“ಕಂಡ್ತು.”

“ಮನೆಯವರ ಕೇಸು ನೀನು ಮುಟ್ಟಬಾರದಿತ್ತು ಕಣೆ.”

ಅಮ್ಮನ ಮನೆಗೆ ಹೋಗುವ ದಾರಿಯಲ್ಲಿ ಅವಳು ಸುಳ್ಳನ್ನು ಸಿದ್ಧಮಾಡಿಕೊಂಡಳು. ಅಳುತ್ತ ಕೂರುವ ಜಾಯಮಾನ ಅವಳದಲ್ಲ, ಲೆಕ್ಕ ಹಾಕುವವಳು. ತಾನು ಒತ್ತಿದ್ದು ತನ್ನ ಪಾಲಿನದು, ಅದನ್ನು ತಾನು ಹೊಟ್ಟೆಗೆ ಹಾಕಿಕೊಳ್ಳಬಹುದು. ಆದರೆ ಅಮ್ಮನಿಗೆ ಹೇಳಿದರೆ? ಗಂಡ ಎಚ್ಚರವಿದ್ದ, ಬಾಯಿಂದ ಸದ್ದು ಹೊರಡಿಸಿರಬಹುದು, ಎತ್ತಿ ಇಳಿಸಿ ಎತ್ತಿ ಇಳಿಸಿ ಒದ್ದಾಡಿದ, ಅವಳು ಎದುರು ಗೋಡೆಗೆ ಮುಖಮಾಡಿ ಕಿವಿ ಡಬ್ಬಿಯಲ್ಲಿಟ್ಟು ಮಲಗಿದ್ದಳು. ಆ ಕೋಣೆಯಲ್ಲೇ ಅವಳು ಉಳಿದ ಆಯುಷ್ಯ ಮಲಗಬೇಕು.

ಅಮ್ಮ ಮಂಚದ ಮೇಲೆ ಕೂತು ಅಪ್ಪನ ಅಂಗಿಗಳ ಗುಂಡಿ ಕತ್ತರಿಸಿ ಒಂದು ಗಾಜಿನ ಸೀಸೆಗೆ ಹಾಕುತ್ತಿದ್ದಳು. ಗುಂಡಿ ಉಪಯೋಗಕ್ಕೆ, ಅಂಗಿ ನೆಲ ಒರೆಸಲು. ಎದುರಿನ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಅದರ ಪಕ್ಕದ ಸಣ್ಣ ಮೇಜಿನ ಮೇಲೆ ಪೀಠವಿದ್ದ ಜಾಗ ಮಾತ್ರ ಚೌಕವಾಗಿ ಖಾಲಿ ಉಳಿದಿತ್ತು.

“ಸರಿ ಹೋಯ್ತಾ ಫೋನು?”

“ಹ್ಞೂಂ. ಪೀಠದ ಪಿನ್ನು ಬಗ್ಗಿತ್ತು. ಅದಕ್ಕೇ ತಾನಾಗೇ ಫೋನ್ ಹೋಗ್ತಿತ್ತು.”

“ಯಾಕೆ ಬಗ್ಗಿತು?”

“ಅಣ್ಣನ ಮಗಳು ಆಡಿರ್ಬೇಕು.”

ಅಮ್ಮ ಕತ್ತರಿ ಕೆಳಗಿಟ್ಟಳು. “ಪಾಪದ ಮಗು ಮೇಲೆ ಯಾಕೆ ಹಾಕ್ತೀಯೇ? ಅದರ ಕೈಗೇ ಕೊಟ್ಟಿಲ್ಲ ಅಂದಿದ್ದಾನೆ ನಿಮ್ಮಣ್ಣ.”

ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕಿವಿ ಮಂದವಾದವರು ನೋಡುವ ಹಾಗೆ, ತುಟಿಯನ್ನೂ ಕಣ್ಣನ್ನೂ ಒಟ್ಟಿಗೇ.

“ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ,” ಎಂದಳು ಅಮ್ಮ. “ಇನ್ನು ಆಗಲ್ಲ. ಅವತ್ತು ಬೆಳಿಗ್ಗೆ ಫೋನು ಪೀಠದ ಮೇಲಿರ್ಲಿಲ್ಲ. ಅವರ ಕೈಲಿತ್ತು. ಎದೆ ಮೇಲೆ ಹಿಡ್ಕೊಂಡಿದ್ರು. ಬೆರಳು ಬಿಡಿಸಿ ನಾನೇ ತೆಗೆದು ಅಲ್ಲಿ ಇಟ್ಟೆ. ಕೂರ್ತಿರ್ಲಿಲ್ಲ, ಒರಗಿಸಿ ಇಟ್ಟೆ. ಆಮೇಲೆ ಹೋಗಿ ಪಕ್ಕದ ಮನೆಯೋರನ್ನ ಕರೆದೆ.”

“ಯಾಕಮ್ಮ?”

“ಯಾಕೆ ಅಂದ್ರೆ? ಅವರು ಎತ್ತಿದಾರೆ, ನಿನಗೆ ರಿಂಗ್ ಆಗಿದೆ, ನೀನು ಎದ್ದಿಲ್ಲ. ದಿನವಿಡೀ ದುಡಿದು ಬಂದವಳು, ನಿದ್ದೆ ಹತ್ತಿರುತ್ತೆ. ಫೋನ್ ಬಂದಿತ್ತಾ ಅಂತ ನಾನು ಕೇಳಿದೆ, ಇಲ್ಲ ಅಂದೆ ನೀನು. ಹೇಳೋಕೆ ಧೈರ್ಯ ಇಲ್ಲ ಅಂದ್ಕೊಂಡೆ. ಇರ್ಲಿ, ಹುಡುಗಿ ಇದನ್ನ ಹೊತ್ತು ತಿರುಗೋದು ಬೇಡ ಅಂತ, ನಿದ್ದೆಯಲ್ಲೇ ಹೋದ್ರು ಅಂತ ಎಲ್ಲರಿಗೂ ಹೇಳಿದೆ.” ಸೀಸೆಯನ್ನು ಮುಚ್ಚಿದಳು. “ಮೊನ್ನೆ ನಿಮ್ಮಣ್ಣ ಬಂದು, ಅದು ತಾನಾಗೇ ರಿಂಗ್ ಆಗುತ್ತೆ ಅಂದಾಗ ನನಗೆ ಖಾತ್ರಿಯಾಯ್ತು. ಫೋನಿನ ತಪ್ಪಿಲ್ಲ ಅಂತ.”

ಪುಟ್ಟಿ ಎದುರಿನ ಖಾಲಿ ಮಂಚದ ಅಂಚಿನಲ್ಲಿ ಕೂತಳು. ಎರಡು ತಿಂಗಳಿಂದ ತನ್ನ ಅಮ್ಮ ತನ್ನನ್ನು ನಿದ್ದೆಗಣ್ಣಿನಲ್ಲಿ ಅಪ್ಪನನ್ನು ಸಾಯಲು ಬಿಟ್ಟವಳೆಂದು ನಂಬಿ, ಆ ನಂಬಿಕೆಯ ಮೇಲೇ ಅನ್ನ ಬಡಿಸಿದ್ದಾಳೆ. ತನ್ನ ಸುಳ್ಳಿನ ಕೆಲಸವನ್ನು ಅಮ್ಮ ಮೊದಲೇ ಮಾಡಿ ಮುಗಿಸಿದ್ದಳು.

“ರಿಂಗ್ ಆಗ್ಲಿಲ್ಲಮ್ಮ,” ಎಂದಳು. “ನಿಜವಾಗ್ಲೂ ಆಗ್ಲಿಲ್ಲ. ನಾನು ಸಂಜೆ ಅದಕ್ಕೆ ಅಪ್‌ಡೇಟ್ ಹಾಕಿ ಹೋಗಿದ್ದೆ. ಅದು ಮುಗಿದ ಮೇಲೆ ಲಾಕ್ ನಂಬರ್ ಕೇಳ್ತಾ ನಿಂತುಬಿಡುತ್ತೆ. ಅಲ್ಲಿ ತನಕ ಎಷ್ಟು ಎತ್ತಿದ್ರೂ ಫೋನ್ ಹೋಗಲ್ಲ. ನನಗೆ ಗೊತ್ತಿತ್ತು. ಯೋಚನೆ ಮಾಡ್ಲಿಲ್ಲ.”

ಅಮ್ಮನಿಗೆ ಎಲ್ಲ ಅರ್ಥವಾಗಲಿಲ್ಲ. ಬೇಕಾದಷ್ಟು ಅರ್ಥವಾಯಿತು. “ಎಷ್ಟು ಸಲ ಎತ್ತಿರ್ಬಹುದು?” ಎಂದು ಕೇಳಿದಳು.

“ಪಿನ್ನು ಬಗ್ಗೋ ತನಕ. ರಿಂಗ್ ಆಗದಿದ್ರೆ ಕೂರಿಸಿ ಮತ್ತೆ ಎತ್ತು ಅಂತ ನಾನೇ ಹೇಳಿದ್ದೆ.”

ಅಮ್ಮ ಗುಂಡಿಯ ಸೀಸೆಯನ್ನು ಕೈಯಲ್ಲಿ ತಿರುಗಿಸಿದಳು. ಆಮೇಲೆ, “ಹಾಗಾದ್ರೆ ಸಿಟ್ಟಲ್ಲೇ ಹೋಗಿರ್ತಾರೆ,” ಎಂದಳು. “ಮೋಟರು ಹಿಡೀದಿದ್ರೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬರ್ತಿತ್ತು. ಊಟಕ್ಕೂ ಬರ್ತಿರ್ಲಿಲ್ಲ.”

ಅತ್ತದ್ದು ಅಮ್ಮ, ಅದೂ ಸ್ವಲ್ಪ ಹೊತ್ತು. ಪುಟ್ಟಿಗೆ ಅಳು ಬರಲಿಲ್ಲ. ಅಮ್ಮ ಅವಳನ್ನು ಬೈಯಲೂ ಇಲ್ಲ, ತಲೆ ಸವರಿ ಸಮಾಧಾನ ಮಾಡಲೂ ಇಲ್ಲ. ಮುಖ ಒರೆಸಿಕೊಂಡು, ಗುಂಡಿಯಿಲ್ಲದ ಅಂಗಿಗಳನ್ನು ಮಡಿಸಿ ಇಟ್ಟಳು. ಹೊರಡುವಾಗ ಮಾತ್ರ ಬಾಗಿಲ ತನಕ ಬಂದಳು.

“ಆ ಫೋನು ಮಗುಗೆ ಬೇಡ. ಇಲ್ಲೇ ತಂದಿಡು. ನಾನೊಬ್ಳೇ ಇರೋದು.”

ಪುಟ್ಟಿ ಮಾರನೇ ದಿನ ತಂದಿಟ್ಟಳು. ಲಾಕ್ ತೆಗೆದಳು. ಅಪ್‌ಡೇಟ್ ತಾನಾಗಿ ಬರದಂತೆ ನಿಲ್ಲಿಸಿದಳು. ಪಿನ್ನಿನ ಜಾಗದಲ್ಲಿ, ಫೋನನ್ನು ಸುಮ್ಮನೆ ಮೇಲಿಟ್ಟರೆ ಸಾಕಾಗುವ ಚಪ್ಪಟೆ ಪೀಠ ತಂದಳು. ಕಣ್ಣುಮುಚ್ಚಿ ಇಟ್ಟರೂ ಕೂರುತ್ತದೆ. ಫೋನನ್ನು ಆಫ್ ಮಾಡಿ, ಆನ್ ಮಾಡಿ, ಏನನ್ನೂ ಮುಟ್ಟದೆ ಅಮ್ಮನ ಕೈಯಲ್ಲಿ ಎತ್ತಿಸಿದಳು. ರಿಂಗಾಯಿತು. ಮತ್ತೆ ಆಫ್ ಮಾಡಿ, ಆನ್ ಮಾಡಿ ಎತ್ತಿಸಿದಳು. ಅಮ್ಮನಿಗೆ ಬೇಸರ ಬರುವ ತನಕ ಎತ್ತಿಸಿದಳು.

“ಹೆಸರು ಬದಲಾಯಿಸ್ಲಾ? ಅಮ್ಮ ಅಂತ ಹಾಕ್ಲಾ?”

“ನಿನ್ನ ಫೋನಲ್ಲಿ ಏನು ಬರುತ್ತೋ ನನಗೇನು ಗೊತ್ತು? ನಿನ್ನಿಷ್ಟ,” ಎಂದಳು ಅಮ್ಮ.

ಅವಳು ಬದಲಾಯಿಸಲಿಲ್ಲ. ಬದಲಾಯಿಸಬೇಕೆಂದು ಎರಡು ಮೂರು ಸಲ ಹೊರಟು, ಆ ಕಿರಿದು ಮಾಡಿದ ಕಣ್ಣನ್ನು ನೋಡಿ, ಬಿಟ್ಟಳು.

ಬಗ್ಗಿದ ಪೀಠವನ್ನು ಹಾಳಾದ ಬಿಡಿಭಾಗಗಳ ಡಬ್ಬಿಗೆ ಹಾಕಬೇಕಿತ್ತು. ಅವಳು ಅದನ್ನು ತನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದಳು. ಗಿರಾಕಿಗಳಿಗೆ ಈಗ ಅವಳು ‘ರಾತ್ರಿ ಹಾಕಿ ಮಲಗಿ’ ಎನ್ನುವುದಿಲ್ಲ. ‘ಹಗಲಲ್ಲಿ ಮಾಡಿ, ಎದುರಿಗೆ ಕೂತು ಮಾಡಿ, ಮನೇಲಿ ಯಾರಾದರೂ ಅದನ್ನು ನಂಬಿಕೊಂಡಿದ್ದರೆ ಅವರಿಗೆ ಹೇಳಿ ಮಾಡಿ,’ ಎನ್ನುತ್ತಾಳೆ. ಒಂದು ಫೋನಿಗೆ ಇಷ್ಟೊಂದು ಉಪದೇಶವೇ ಎಂದು ಜನ ಅವಳ ಮುಖ ನೋಡುತ್ತಾರೆ.

ಅಪ್ಪನ ಫೋನು ಈಗ ದಿನಾ ಬರುತ್ತದೆ, ಸಾಮಾನ್ಯವಾಗಿ ಊಟದ ಹೊತ್ತಿಗೆ. ಮೇಜಿನ ಅಂಚಿನಲ್ಲಿ ಗುರ್ ಎಂದಾಗ ಬೆಸುಗೆ ಅಕ್ಕ ತಲೆ ಎತ್ತುವುದಿಲ್ಲ, ಆದರೆ ಅವಳ ಕೈಯ ಬೆಸುಗೆ ಕಡ್ಡಿ ಅರೆಕ್ಷಣ ನಿಲ್ಲುತ್ತದೆ. ಪುಟ್ಟಿ ಕೂಡಲೇ ಎತ್ತುತ್ತಾಳೆ. ಗಿರಾಕಿ ಇದ್ದರೂ, ಚಿಮಟದಲ್ಲಿ ತಿರುಪು ಇದ್ದರೂ. ಎತ್ತಿದ ಮೇಲೆ ಮೊದಲು ಯಾವಾಗಲೂ ಸ್ವಲ್ಪ ಮೌನ. ಅಮ್ಮ ಕಿವಿಯ ಯಂತ್ರದ ಹತ್ತಿರಕ್ಕೆ ಫೋನನ್ನು ತಂದುಕೊಳ್ಳುವಷ್ಟು ಹೊತ್ತು. ಆ ಹೊತ್ತಿನಲ್ಲಿ ಫ್ಯಾನಿನ ಸದ್ದು, ನಲ್ಲಿಯ ಸದ್ದು, ಎದುರಿನ ಮಂಚದ ಕಡೆಯಿಂದ ಬರುವ, ಸದ್ದೇ ಅಲ್ಲದ ಒಂದು ಸದ್ದು. ಅವಳು ಉಸಿರು ಬಿಗಿಹಿಡಿದು ಅದನ್ನು ಪೂರ್ತಿ ಕೇಳುತ್ತಾಳೆ. ತಾನಾಗಿ ಎಂದೂ ಹಲೋ ಎನ್ನುವುದಿಲ್ಲ.

ಆಮೇಲೆ ಅಮ್ಮನ ದನಿ ಬರುತ್ತದೆ.

“ಏನಿಲ್ಲ. ಹಿಡಿಯುತ್ತೋ ಇಲ್ವೋ ನೋಡ್ದೆ.”

“ಹಿಡೀತಮ್ಮ,” ಎನ್ನುತ್ತಾಳೆ ಪುಟ್ಟಿ.